ಒಂದಡಿ ಕೆರೆಗೋಡು ಹೊಡೆಸಿದ ತೋಟದಲ್ಲಿ ಗೊಬ್ಬರ ಎಲ್ಲೋಗ್ತಿದೆ? ಬೋರ್ ನೀರಲ್ಲಿ ನೈಟ್ರೇಟ್ 72

ಗೋಡು_ಗುಬ್ಬಿ

ಎಲ್ರಿಗೂ ನಮಸ್ಕಾರ. ನಮ್ದು ಗುಬ್ಬಿ ತಾಲ್ಲೂಕು, ಎರಡೂವರೆ ಎಕರೆ ಅಡಿಕೆ ತೋಟ, ಕೆಂಪು ಭೂಮಿ, ಗರಸು (ಕಲ್ಲುಚೂರಿನ ಒರಟು ಮಣ್ಣು) ಜಾಸ್ತಿ. ನಮ್ಮೂರ ಕೆರೆ ಹೂಳು ತೆಗೆದಾಗ ಎಲ್ರೂ ಹೊಡ್ಕೊಂಡ್ರು ಅಂತ ನಾವೂ ಟ್ರ್ಯಾಕ್ಟರ್ ಮೇಲೆ ಟ್ರ್ಯಾಕ್ಟರ್ ಗೋಡು ಹೊಡ್ಸಿ ಜೆಸಿಬೀಲಿ ಲೆವೆಲ್ ಮಾಡ್ಸಿದ್ವಿ, ಒಂದಡಿ ದಪ್ಪಕ್ಕೆ ಕಮ್ಮಿ ಇಲ್ಲ. ಮೊದಲನೇ ವರ್ಷ ತೋಟ ನೋಡಿ ದಾರೀಲಿ ಹೋಗೋರೆಲ್ಲ ನಿಂತು ಕೇಳೋರು. ಈಗ ನೋಡಿದ್ರೆ ಡ್ರಿಪ್ಪಲ್ಲಿ ಎಷ್ಟು ಗೊಬ್ಬರ ಬಿಟ್ರೂ ಸೋಗೆ ಹಳದಿ ತಿರುಗ್ತಿದೆ, ಮೇಲ್ಮಣ್ಣು ಯಾವಾಗ್ಲೂ ಜಿಗಿಜಿಗಿ, ಸನಿಕೆ ಹಾಕಿ ಒಂದೂವರೆ ಅಡಿ ಅಗೆದ್ರೆ ಕೆಳಗಿನ ಗರಸು ಮಾತ್ರ ಒಣಕಲು, ಕೈಯಲ್ಲಿ ಹಿಡಿದ್ರೆ ಉದುರುತ್ತೆ. ಇದ್ರ ಮಧ್ಯೆ ಬೋರ್ ನೀರು ಟೆಸ್ಟಿಗೆ ಕೊಟ್ಟಿದ್ವಿ, ನೈಟ್ರೇಟ್ ಲೀಟರಿಗೆ 72 ಮಿಲಿಗ್ರಾಂ ಅಂತ ಬಂದಿದೆ, ಕುಡಿಯೋಕೆ 45 ದಾಟಬಾರ್ದಂತೆ. ನಂಗೆ ತಲೆ ಕೆಡ್ತಿರೋದು ಇದೇ, ನೀರೇ ಒಂದಡಿ ಗೋಡು ದಾಟಿ ಇಳೀತಿಲ್ಲ ಅಂದ್ಮೇಲೆ ಗೊಬ್ಬರ ಬೋರ್ ತಂಕ ಹೆಂಗ್ ಹೋಯ್ತು? ಗಿಡಕ್ಕೂ ಸಿಗ್ತಿಲ್ಲ, ಕೆಳಗೂ ಹೋಗೋ ಹಂಗಿಲ್ಲ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಹಳೇ_ತೋಟ

ಮೊದ್ಲು ಬೋರ್ ಎಲ್ಲಿದೆ ಹೇಳಪ್ಪ. ಮನೆ ಹತ್ರ ಇದ್ರೆ ಪಾಯಿಖಾನೆ ಗುಂಡಿ, ತಿಪ್ಪೆ, ಕೊಟ್ಟಿಗೆ ಗಂಜಲ ಇವುಗಳಿಂದ್ಲೂ ನೈಟ್ರೇಟ್ ಇಳಿಯುತ್ತೆ. ಊರೊಳಗಿನ ಎಷ್ಟೋ ಬೋರಲ್ಲಿ ಯೂರಿಯಾ ಕಾಣದ ಕಡೇನೂ ನೈಟ್ರೇಟ್ ಇರುತ್ತೆ. ಎಲ್ಲಾದ್ಕೂ ಗೊಬ್ಬರದ ಮೇಲೆ ಗೂಬೆ ಕೂರಿಸಬೇಡಿ.

ಗೋಡು_ಗುಬ್ಬಿ

ಊರಿಂದ ದೂರ ಇದೆ ಅಣ್ಣ, ತೋಟದ ತಗ್ಗಿನ ಮೂಲೇಲಿ. ಸುತ್ತ ಯಾವ ಮನೇನೂ ಇಲ್ಲ, ಕೊಟ್ಟಿಗೇನೂ ಇಲ್ಲ.

ಮಣ್ಣುಹುಳ

ನಿಮ್ಮ ಪ್ರಶ್ನೆ ಚೆನ್ನಾಗಿದೆ, ಆದ್ರೆ ಅದ್ರಲ್ಲಿ ಎರಡು ವಿಷಯ ಕಲಸಿಹೋಗಿದೆ, ಬಿಡಿಸಿ ನೋಡೋಣ.

ಮೊದಲನೇದು ನೀರು ಯಾಕೆ ಗೋಡಲ್ಲೇ ನಿಲ್ತಿದೆ ಅನ್ನೋದು. ಎಲ್ರೂ ಅಂದ್ಕೊಳ್ಳೋದು ಕೆಳಗೆ ಗರಸು, ಸಡಿಲ ಮಣ್ಣು, ನೀರು ಅಲ್ಲಿಗೆ ಬಂದ ತಕ್ಷಣ ಸರ್ರಂತ ಇಳಿದುಬಿಡುತ್ತೆ ಅಂತ. ನೀರು ತುಂಬಿ ನಿಂತಿರೋ ಮಣ್ಣಲ್ಲಿ ಅದು ನಿಜ. ಆದ್ರೆ ಅರ್ಧಂಬರ್ಧ ಒದ್ದೆ ಇರೋ ಮಣ್ಣಲ್ಲಿ ನೀರನ್ನ ಎಳೆಯೋದು ಭೂಮಿಯ ಸೆಳೆತ ಒಂದೇ ಅಲ್ಲ, ಮಣ್ಣಿನ ರಂಧ್ರಗಳೂ ಎಳೀತವೆ, ರಂಧ್ರ ಸಣ್ಣದಾದಷ್ಟೂ ಹಿಡಿತ ಜಾಸ್ತಿ. ಗೋಡು ಅಂದ್ರೆ ಕೆರೆ ತಳದಲ್ಲಿ ಕೂತ ನಯವಾದ ಜೇಡಿ, ರಂಧ್ರ ಬಹಳ ಸಣ್ಣ. ಗರಸಿನ ರಂಧ್ರ ದೊಡ್ಡದು, ಅದಕ್ಕೆ ಗೋಡಿನ ಕೈಯಿಂದ ನೀರು ಕಿತ್ಕೊಳ್ಳೋ ತಾಕತ್ತಿಲ್ಲ. ಹಂಗಾಗಿ ಎರಡರ ಗಡಿ ಹತ್ರ ಗೋಡು ಹೆಚ್ಚುಕಮ್ಮಿ ತುಂಬೋ ತನಕ ನೀರು ಗರಸಿಗೆ ಕಾಲಿಡಲ್ಲ. ಮೇಲೆ ಜಿಗಿಜಿಗಿ, ಕೆಳಗೆ ಒಣಕಲು, ನೀವು ನೋಡಿದ್ದು ಇದೇ. ಹೂವಿನ ಕುಂಡದ ತಳಕ್ಕೆ ಜಲ್ಲಿ ಹಾಕಿದ್ರೆ ನೀರು ಚೆನ್ನಾಗಿ ಬಸಿಯುತ್ತೆ ಅಂತ ಹೇಳ್ತಾರಲ್ಲ, ಅದೂ ಇದೇ ಕಾರಣಕ್ಕೆ ತಪ್ಪು, ಜಲ್ಲಿ ಮೇಲಿನ ಮಣ್ಣು ಇನ್ನೂ ಜಾಸ್ತಿ ಹೊತ್ತು ಒದ್ದೆ ಇರುತ್ತೆ.

ಎರಡನೇದು ಗೊಬ್ಬರ. ಯೂರಿಯಾಕ್ಕೆ ಯಾವ ಚಾರ್ಜೂ ಇಲ್ಲ, ನೀರು ಹೋದ ಕಡೆ ಹೋಗುತ್ತೆ, ಆದ್ರೆ ಮಣ್ಣಲ್ಲಿ ಕೆಲವೇ ದಿನ ಇರುತ್ತೆ, ಅಮೋನಿಯಂ ಆಗುತ್ತೆ. ಅಮೋನಿಯಂ ಧನ ಚಾರ್ಜು, ಜೇಡಿ ಋಣ ಚಾರ್ಜು, ಹಿಡಿದಿಟ್ಕೊಳ್ಳುತ್ತೆ. ಅಲ್ಲಿಂದ ಬ್ಯಾಕ್ಟೀರಿಯಾಗಳು ಒಂದೆರಡು ಮೂರು ವಾರದಲ್ಲಿ ಅದನ್ನ ನೈಟ್ರೇಟ್ ಮಾಡ್ತವೆ, ನೈಟ್ರೇಟ್ ಋಣ ಚಾರ್ಜು, ಜೇಡಿಗೂ ಅದಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ನೀರು ನಿಂತ್ರೆ ನಿಲ್ಲುತ್ತೆ, ನೀರು ಹೊರಟ್ರೆ ಹೊರಡುತ್ತೆ. ಡಿಎಪಿ ಗೊಬ್ಬರದ ರಂಜಕ ಹಂಗಲ್ಲ, ಕೆಂಪು ಮಣ್ಣಿನ ಕಬ್ಬಿಣ ಅಲ್ಯೂಮಿನಿಯಂ ಅದನ್ನ ಕಚ್ಕೊಂಡು ಬಿಡೋದೇ ಇಲ್ಲ, ಅದು ನಿಮ್ಮ ಬೋರಿಗೆ ಹೋಗುತ್ತೆ ಅನ್ನೋ ಭಯ ಬೇಡ.

ಈಗ ನಿಮ್ಮ ತೋಟದಲ್ಲಿ ವರ್ಷದ ಬಹಳ ದಿನ ನೈಟ್ರೇಟ್ ಗೋಡಲ್ಲೇ ಕೂತಿರುತ್ತೆ. ಹಸ್ತೆ ಚಿತ್ತೆ ಮಳೆ ಬಂದು ಒಂದೇ ರಾತ್ರಿ ನಾಲ್ಕೈದು ಇಂಚು ಸುರಿದ್ರೆ ಗಡಿ ತುಂಬುತ್ತೆ, ಬಾಗಿಲು ತೆಗೆಯುತ್ತೆ, ಕೂತಿದ್ದ ನೈಟ್ರೇಟಲ್ಲಿ ಒಂದು ದೊಡ್ಡ ಪಾಲು ಆ ಒಂದೆರಡು ದಿನದಲ್ಲಿ ಕೆಳಗೆ. ಅಂದ್ರೆ ದಿನಾ ಸೋರ್ತಿಲ್ಲ, ವರ್ಷಕ್ಕೆ ಕೆಲವೇ ದಿನ ಸೋರುತ್ತೆ. ನೀವು ಅಗೆದು ನೋಡಿದ್ದು ಬೇರೆ ದಿನ.

ಗೋಡು_ಗುಬ್ಬಿ

ಸಾರ್ ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಗಿಡ ಹಳದಿ ಯಾಕೆ ಮತ್ತೆ, ಗೊಬ್ಬರ ಗೋಡಲ್ಲೇ ಇದ್ರೆ?

ಮಣ್ಣುಹುಳ

ಸಾರ್ ಅಲ್ಲ, ಮೇಡಂ 🙂 ಗೋಡು ಸದಾ ಒದ್ದೆ ಇದ್ರೆ ಬೇರಿಗೆ ಗಾಳಿ ಇಲ್ಲ, ಅಡಿಕೆ ಬೇರು ನೀರು ನಿಂತ ಕಡೆ ಊಟ ಮಾಡಲ್ಲ. ಇನ್ನೊಂದು ವಿಷ್ಯ, ಗಾಳಿ ಇಲ್ಲದ ಮಣ್ಣಲ್ಲಿ ಬೇರೆ ಜಾತಿ ಬ್ಯಾಕ್ಟೀರಿಯಾ ನೈಟ್ರೇಟನ್ನೇ ಉಸಿರಾಡಕ್ಕೆ ಬಳಸಿ ಸಾರಜನಕ ಅನಿಲ ಮಾಡಿ ಮೇಲಕ್ಕೆ ಬಿಡ್ತವೆ. ಗೋಡಲ್ಲಿ ಸಾವಯವ ಅಂಶ ಇರೋದ್ರಿಂದ ಅವಕ್ಕೆ ಹಬ್ಬ. ನೀವು ಕೊಟ್ಟ ದುಡ್ಡಲ್ಲಿ ಒಂದು ಪಾಲು ಆಕಾಶಕ್ಕೂ ಹೋಗ್ತಿದೆ.

ಸಿಮ್ಯುಲೇಷನ್_ಸೀನ

ಮೇಡಂ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸ್ತೀನಿ, ನಾನು ಪಿಎಚ್‌ಡಿಲಿ ಇದೇ ಮಾಡ್ತಿರೋದು (ಮನೇಲಿ ಕೇಳಿದ್ರೆ ಮಣ್ಣಲ್ಲಿ ನೀರು ಹೆಂಗಿಳಿಯುತ್ತೆ ಅಂತ ಓದೋಕೆ ಐದು ವರ್ಷ ಬೇಕಾ ಅಂತಾರೆ).

ಮೇಲಿಂದ 100 ಮಿ.ಮೀ. ನೀರು ಬೇರಿನ ವಲಯ ದಾಟಿ ಇಳೀತು ಅನ್ಕೊಳಿ. ಅದ್ರಲ್ಲಿ ಕರಗಿರೋ ನೈಟ್ರೇಟ್ ಎಷ್ಟು ದೂರ ಹೋಗುತ್ತೆ? 100 ಮಿ.ಮೀ. ಅಂತೂ ಅಲ್ಲ. ಇಳಿದ ನೀರನ್ನ ಆ ಮಣ್ಣಲ್ಲಿ ನೀರಿರೋ ಪಾಲಿನಿಂದ ಭಾಗಿಸ್ಬೇಕು. ಗೋಡಲ್ಲಿ ಗಾತ್ರದ ನೂರಕ್ಕೆ 40 ಪಾಲು ನೀರಿದ್ರೆ ನೈಟ್ರೇಟ್ 25 ಸೆಂ.ಮೀ. ಇಳಿಯುತ್ತೆ, ಅಷ್ಟೇ. ಅದೇ 100 ಮಿ.ಮೀ. ಗರಸಿಗೆ ಬಂದಾಗ ಅಲ್ಲಿ ನೀರಿರೋದು ನೂರಕ್ಕೆ 10 ಪಾಲು ಅನ್ಕೊಂಡ್ರೆ ಪೂರ್ತಿ ಒಂದು ಮೀಟರ್. ನೀರಿನ ಪ್ರಮಾಣ ಎರಡೂ ಪದರದಲ್ಲಿ ಒಂದೇ, ಓಟ ಮಾತ್ರ ನಾಲ್ಕು ಪಟ್ಟು. ಹಂಗಾಗಿ ಒಂದ್ಸಲ ಗಡಿ ದಾಟಿದ ಗೊಬ್ಬರ ವಾಪಸ್ ಬೇರಿಗೆ ಸಿಗೋ ಚಾನ್ಸ್ ಬಹಳ ಕಮ್ಮಿ.

ಇದೂ ಸಹ ಗರಸು ಪೂರ್ತಿ ಸಮನಾಗಿ ಒದ್ದೆ ಆಗುತ್ತೆ ಅಂದ್ಕೊಂಡು. ಹಂಗಾಗಲ್ಲ. ನಯ ಮಣ್ಣಿಂದ ಒರಟು ಮಣ್ಣಿಗೆ ನೀರು ಇಳಿಯುವಾಗ ಚಾಪೆ ಥರ ಇಳಿಯಲ್ಲ, ಒಡೆದು ಅಲ್ಲೊಂದು ಇಲ್ಲೊಂದು ಕಂಬಿ ಕಂಬಿಯಾಗಿ ಇಳಿಯುತ್ತೆ, ಮಧ್ಯದ ಮಣ್ಣು ಒಣಗೇ ಇರುತ್ತೆ. ಹಿಲ್ ಮತ್ತು ಪಾರ್ಲಾಂಜ್ ಅನ್ನೋರು 1972ರಲ್ಲೇ ಮೇಲೆ ನಯ ಮರಳು ಕೆಳಗೆ ದಪ್ಪ ಮರಳು ಹಾಕಿ ಲ್ಯಾಬಲ್ಲಿ ತೋರಿಸಿದಾರೆ. ಆ ಕಂಬಿಗಳಲ್ಲಿ ಇಳಿಯೋ ವೇಗ ನನ್ನ ಮೇಲಿನ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ.

ಎರಿಹೊಲ_ನರಗುಂದ

ನಮ್ಮ ಕಡೆ ಎರಿ (ಕಪ್ಪು ಮಣ್ಣಿನ) ಭೂಮಿರೀ, ನಾವು ಇದನ್ನ ಬ್ಯಾರೆ ರೀತಿ ನೋಡೇವಿ. ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರುಕು ಬಿಡ್ತದ. ಮೊದಲ ಅಡ್ಡಮಳಿ ಜೋರ ಬಂತಂದ್ರ ನೀರು ಮಣ್ಣಿನ್ಯಾಗ ಇಳಿಯೂದಿಲ್ಲ, ಬಿರುಕಿನ್ಯಾಗ ಹೋಗಿ ನಾಕು ಅಡಿ ಕೆಳಗ ಕೂಡ್ತದ, ಮ್ಯಾಲಿನ ಹೆಂಟಿ ಒಡೆದು ನೋಡಿದ್ರ ಒಳಗ ಒಣಾ ಒಣಾ. ಗೋಡಂದ್ರೂ ಎರಿ ಮಣ್ಣಿನ ತಮ್ಮನ ಅಲ್ಲೇನ್ರಿ. ನಿಮ್ಮ ತ್ವಾಟದಾಗ ಡ್ರಿಪ್ ಬೀಳದ ಜಾಗ ಬಿರುಕು ಬಿಟ್ಟಿಲ್ಲೇನು ನೋಡ್ರಿ. ಬಿಟ್ಟಿದ್ರ ಈ ಕಂಬಿ ಗಿಂಬಿ ಎಲ್ಲಾ ಆಮ್ಯಾಲಿನ ಮಾತು, ಬಿರುಕೇ ಹೆದ್ದಾರಿ.

ಸಿಮ್ಯುಲೇಷನ್_ಸೀನ

ಬಿರುಕು ಇರ್ಬಹುದು ಅಣ್ಣಾರೆ, ಆದ್ರೆ ಬಿರುಕಲ್ಲಿ ಹೋಗೋ ಮಳೆನೀರು ಗೋಡಿನ ಒಳಗೆ ಕೂತ ನೈಟ್ರೇಟನ್ನ ಮುಟ್ಟದೇನೇ ಹೋಗಿಬಿಡುತ್ತಲ್ಲ. ಮಣ್ಣಿನ ಗಡ್ಡೆ ಒಳಗಿನ ಗೊಬ್ಬರ ಸೇಫ್.

ಮಣ್ಣುಹುಳ

ಅದು ಗೊಬ್ಬರ ಯಾವಾಗ ಹಾಕಿದ್ರು ಅನ್ನೋದ್ರ ಮೇಲಿದೆ ಸೀನ. ಹಾಕಿ ತಿಂಗಳಾಗಿದ್ರೆ ಗಡ್ಡೆ ಒಳಗೆ ಸೇರಿರುತ್ತೆ, ಆಗ ಬಿರುಕಿನ ನೀರು ಪಕ್ಕದಲ್ಲೇ ಹಾದುಹೋಗುತ್ತೆ, ನೀವು ಹೇಳಿದ್ದು ಸರಿ. ಮೊನ್ನೆ ಹಾಕಿ ಇವತ್ತು ಮಳೆ ಬಂದ್ರೆ ಮೇಲೆ ಹರಡಿರೋ ಯೂರಿಯಾ ಹರಳು ಸಮೇತ ಬಿರುಕಿಗೆ. ಒಂದೇ ಬಿರುಕು, ಒಂದ್ಸಲ ಕಾಪಾಡುತ್ತೆ, ಒಂದ್ಸಲ ಮುಳುಗಿಸುತ್ತೆ.

ಗುಬ್ಬಿಯವ್ರೆ, ವಾದ ಬೇಡ, ನೋಡೇಬಿಡಿ. ಸಾಲಿನ ಮಧ್ಯೆ ಗಿಡದ ಬೇರಿಗೆ ತೊಂದ್ರೆ ಆಗದ ಜಾಗದಲ್ಲಿ ಒಂದು ಚದರ ಮೀಟರ್ ಗುರುತು ಮಾಡಿ, ಎರಡು ಬಿಂದಿಗೆ ಅಂದಾಜು 30 ಲೀಟರ್ ನೀರಿಗೆ ನೀಲಿ ಫುಡ್ ಕಲರ್ ದಟ್ಟವಾಗಿ ಕಲಸಿ ನಿಧಾನಕ್ಕೆ ಚುಮುಕಿಸಿ, ಅದು 30 ಮಿ.ಮೀ. ಮಳೆಗೆ ಸಮ. ಮಾರನೇ ದಿನ ಮಧ್ಯಕ್ಕೆ ಸರಿಯಾಗಿ ಸೀಳಿ ನೇರ ಗೋಡೆ ಥರ ಕತ್ತರಿಸಿ ಫೋಟೋ ಹಾಕಿ. ಸಂಶೋಧನೆಯವ್ರೂ ಬ್ರಿಲಿಯಂಟ್ ಬ್ಲೂ ಅನ್ನೋ ಇದೇ ಬಣ್ಣ ಬಳಸೋದು.

ಗೋಡು_ಗುಬ್ಬಿ

ಮಾಡ್ದೆ ಮೇಡಂ. ಫೋಟೋ ಅಪ್ಲೋಡ್ ಆಗ್ತಿಲ್ಲ, ನೆಟ್ವರ್ಕ್ ಇಲ್ಲಿ ದೇವ್ರಿಗೇ ಪ್ರೀತಿ, ಬಾಯಲ್ಲೇ ಹೇಳ್ತೀನಿ. ಮೇಲಿನ ಒಂದು ಗೇಣು ಗೋಡು ಪೂರ್ತಿ ನೀಲಿ. ಅದ್ರ ಕೆಳಗೆ ಗೋಡಿನ ಬಣ್ಣ ಹಂಗೇ ಇದೆ, ಆದ್ರೆ ಎರಡು ಕಡೆ ಬಿರುಕಿನ ಗೋಡೆಗೆ ಸುಣ್ಣ ಬಳಿದಂಗೆ ತೆಳ್ಳಗೆ ನೀಲಿ ಹತ್ಕೊಂಡಿದೆ, ಅದು ನೇರ ಗರಸಿನ ತಂಕ. ಮಜಾ ಇರೋದು ಗಡೀಲಿ. ಅಲ್ಲಿ ಬಣ್ಣ ಕೆಳಗೆ ಹೋಗದೆ ಅಡ್ಡಕ್ಕೆ ತಿರುಗಿದೆ, ಎರಡು ಗೇಣು ಉದ್ದ ಹಾಸಿದಂಗಿದೆ, ಅದೂ ತೋಟದ ಇಳಿಜಾರಿನ ಕಡೆಗೇ ಜಾಸ್ತಿ. ಅಲ್ಲಿಂದ ಮೂರೇ ಜಾಗದಲ್ಲಿ ಅಂಗೈ ಅಗಲ ಕೆಳಗಿಳಿದಿದೆ, ಅದ್ರಲ್ಲಿ ಒಂದು ಯಾವ್ದೋ ಹಳೇ ಬೇರು ಕೊಳೆತು ಪೊಳ್ಳಾಗಿರೋ ತೂತು. ನಾನು ಅಗೆದಿದ್ದು ಮೂರೂವರೆ ಅಡಿ, ಬೇರಿನ ತೂತಲ್ಲಿ ಬಣ್ಣ ಅದಕ್ಕಿಂತ್ಲೂ ಕೆಳಗೆ ಹೋಗಿದೆ. ಆ ಮೂರು ಜಾಗ ಬಿಟ್ರೆ ಗರಸು ಒಣ.

ಎರಿಹೊಲ_ನರಗುಂದ

ನಾ ಏನ್ ಹೇಳಿದ್ದೆ 😄

ಸಿಮ್ಯುಲೇಷನ್_ಸೀನ

ಬಿರುಕು ನಿಮ್ದು, ಅಡ್ಡಕ್ಕೆ ತಿರುಗಿದ್ದು ಮತ್ತೆ ಕಂಬಿ ನಮ್ದು, ಪಾಯಿಂಟ್ ಸಮಸಮ. ಅಡ್ಡಕ್ಕೆ ತಿರುಗಿದ್ದು ಬಹಳ ಮುಖ್ಯ, ಗಡಿ ಇಳಿಜಾರಾಗಿದ್ರೆ ನೀರು ಗಡಿ ಮೇಲೇನೇ ಜಾರ್ಕೊಂಡು ತಗ್ಗಿನ ಕಡೆ ಹೋಗುತ್ತೆ. ಕಸದ ಗುಂಡಿ ಮುಚ್ಚೋವಾಗ ಮಳೆನೀರು ಒಳಗೆ ಹೋಗದಂಗೆ ಬೇಕಂತಲೇ ನಯ ಮಣ್ಣಿನ ಕೆಳಗೆ ಒರಟು ಮಣ್ಣು ಹಾಸೋ ಪದ್ಧತಿ ಇದೆ, ಇದೇ ತತ್ವ. ನಿಮ್ಮ ತೋಟದ ಗೊಬ್ಬರದ ನೀರೂ ತಗ್ಗಿನ ಮೂಲೆಗೆ ಜಾರ್ತಿದೆ. ಬೋರ್ ಇರೋದೂ ತಗ್ಗಿನ ಮೂಲೇಲಿ ಅಂದ್ರಿ.

ಮಣ್ಣುಹುಳ

ಒಂದು ಎಚ್ಚರಿಕೆ, ಬಣ್ಣ ನಿಂತ ಕಡೆ ನೈಟ್ರೇಟ್ ನಿಂತಿದೆ ಅಂತ ಅಲ್ಲ. ಬಣ್ಣ ಜೇಡಿಗೆ ಸ್ವಲ್ಪ ಅಂಟುತ್ತೆ, ನೈಟ್ರೇಟ್ ಅಂಟಲ್ಲ, ಅದು ಇನ್ನೂ ಮುಂದೆ ಹೋಗಿರುತ್ತೆ. ಜೇಡಿಯ ಋಣ ಚಾರ್ಜು ನೈಟ್ರೇಟನ್ನ ರಂಧ್ರದ ಅಂಚಿಂದ ದೂರ ತಳ್ಳುತ್ತೆ, ರಂಧ್ರದ ಮಧ್ಯೆ ನೀರು ಓಡೋದು ಜೋರು, ಹಂಗಾಗಿ ಕೆಲವು ಸಲ ನೈಟ್ರೇಟ್ ನೀರಿನ ಸರಾಸರಿ ವೇಗಕ್ಕಿಂತಲೂ ಚೂರು ಮುಂದೆ ಇರುತ್ತೆ.

ಅದಿರ್ಲಿ, ಬೋರ್ ಪಕ್ಕ ಇಂಗುಗುಂಡಿ ಏನಾದ್ರೂ ಮಾಡ್ಸಿದೀರಾ?

ಗೋಡು_ಗುಬ್ಬಿ

ಹೂಂ ಮೇಡಂ, ಗೋಡು ಹೊಡೆಯೋಕೂ ಮುಂಚೆ. ಬೋರಿನ ಕೇಸಿಂಗ್ ಪೈಪಿನ ಸುತ್ತ ಗುಂಡಿ ತೆಗೆದು ಕೇಸಿಂಗಿಗೆ ತೂತು ಹೊಡೆದು ದಪ್ಪ ಕಲ್ಲು, ಜಲ್ಲಿ, ಮರಳು ತುಂಬ್ಸಿದೀವಿ. ತೋಟದ ಬಸಿಗಾಲುವೆ ಅದಕ್ಕೇ ಬರುತ್ತೆ.

ಮಣ್ಣುಹುಳ

ಸಿಕ್ತು ನೋಡಿ. ನಮ್ಮ ಮಣ್ಣಲ್ಲಿ ಮೇಲಿಂದ ಸಹಜವಾಗಿ ಇಳಿದು ಬೋರ್ ಮುಟ್ಟೋಕೆ ಬಹಳ ವರ್ಷ ಬೇಕು. ವರ್ಷಕ್ಕೆ 100 ಮಿ.ಮೀ. ಇಂಗುತ್ತೆ, ಮಣ್ಣು ಮತ್ತೆ ಕೊಳೆತ ಕಲ್ಲಲ್ಲಿ ಸರಾಸರಿ ನೂರಕ್ಕೆ 20 ಪಾಲು ನೀರಿದೆ ಅನ್ಕೊಂಡ್ರೂ ನೈಟ್ರೇಟ್ ವರ್ಷಕ್ಕೆ ಅರ್ಧ ಮೀಟರ್ ಇಳಿಯುತ್ತೆ, 20 ಮೀಟರ್ ಮೊರಂ (ಅದೇ ಕೊಳೆತ ಕಲ್ಲು) ದಾಟೋಕೆ 40 ವರ್ಷ. ಗೋಡು ಹೊಡ್ಸಿ ಕೆಲವೇ ವರ್ಷ ಆಗಿರೋದು, ಆ ದಾರೀಲಿ ಬಂದ್ರೆ ನಿಮ್ಮಪ್ಪ ಹಾಕಿದ್ದ ಗೊಬ್ಬರ ಈಗ ಬರ್ತಿರ್ಬೇಕು ಅಷ್ಟೇ. ಇಂಗುಗುಂಡಿ ಆ 40 ವರ್ಷದ ದಾರಿನ ಒಂದು ಗಂಟೆಗೆ ಇಳಿಸುತ್ತೆ. ಛಾವಣಿ ನೀರಿಗೆ, ಹುಲ್ಲುಗಾವಲಿನ ನೀರಿಗೆ ಇಂಗುಗುಂಡಿ ಒಳ್ಳೇದು, ಗೊಬ್ಬರ ಹಾಕಿದ ತೋಟದ ಬಸಿನೀರಿಗಲ್ಲ. ಜಲ್ಲಿ ಮರಳು ಕಸ ತಡೆಯುತ್ತೆ, ಕರಗಿರೋ ನೈಟ್ರೇಟನ್ನ ತಡೆಯಲ್ಲ. ಮೊದ್ಲು ಬಸಿಗಾಲುವೆ ಬೇರೆ ಕಡೆ ತಿರುಗಿಸಿ.

ಹಳೇ_ತೋಟ

ಇದನ್ನ ಇಂಗುಗುಂಡಿ ಮಾಡ್ಸಿ ಅಂತ ಊರೂರು ತಿರುಗಿ ಹೇಳೋರು ಯಾರೂ ಹೇಳಲ್ಲ.

ಅರಿಶಿಣ_ಗುಂಡ್ಲುಪೇಟೆ

ನಮ್ಮ ಬೇರಂಬಾಡಿ ಕಡೆ ಬೆಂಗಳೂರಿನ ಐಐಎಸ್‌ಸಿಯವ್ರು (ಭಾರತೀಯ ವಿಜ್ಞಾನ ಸಂಸ್ಥೆ) ಫ್ರೆಂಚ್ ವಿಜ್ಞಾನಿಗಳ ಜೊತೆ ಸೇರಿ ವರ್ಷಗಟ್ಲೆ ಬೋರ್ ನೀರು ಅಳೀತಿದಾರೆ, 84 ಚದರ ಕಿಲೋಮೀಟರ್ ಜಲಾನಯನ. ಅಲ್ಲಿ ಗೊತ್ತಾಗಿದ್ದು ಏನಂದ್ರೆ ನೈಟ್ರೇಟ್ ಇರೋ ನೀರನ್ನೇ ಎತ್ತಿ ಹೊಲಕ್ಕೆ ಬಿಡ್ತೀವಿ, ಅದ್ರ ಮೇಲೆ ಮತ್ತೆ ಗೊಬ್ಬರ ಹಾಕ್ತೀವಿ, ಅದು ಮತ್ತೆ ಇಳಿಯುತ್ತೆ, ಹಿಂಗೇ ಸುತ್ತುತಾ ಜಾಸ್ತಿ ಆಗುತ್ತೆ. ಕೆಂಪು ಪೊಟ್ಯಾಷಲ್ಲಿರೋ ಕ್ಲೋರೈಡೂ ಹಂಗೇ ನೀರಲ್ಲಿ ಸೇರಿ ಉಪ್ಪಾಗ್ತಿದೆ ಅಂತ ಬರೆದಿದಾರೆ. ಅಂದ್ರೆ ನಿಮ್ಮ ಬೋರ್ ನೀರೇ ಈಗ ಒಂಥರಾ ಗೊಬ್ಬರ. ಲೆಕ್ಕ ಹಾಕಿ ನೋಡಿ.

ಸಿಮ್ಯುಲೇಷನ್_ಸೀನ

ಲೆಕ್ಕ ನಾನು ಹಾಕ್ತೀನಿ. 72 ಮಿ.ಗ್ರಾಂ ನೈಟ್ರೇಟಲ್ಲಿ ಸಾರಜನಕ 16 ಮಿ.ಗ್ರಾಂ ಚಿಲ್ಲರೆ. ಎಕರೆಗೆ 100 ಮಿ.ಮೀ. ನೀರು ಕೊಡೋದು ಅಂದ್ರೆ ಸುಮಾರು 4 ಲಕ್ಷ ಲೀಟರ್, ಅದ್ರಲ್ಲಿ ಆರೂವರೆ ಕೆಜಿ ಸಾರಜನಕ, 14 ಕೆಜಿ ಯೂರಿಯಾಕ್ಕೆ ಸಮ. ವರ್ಷಕ್ಕೆ 400 ಮಿ.ಮೀ. ಕೊಟ್ರೆ 57 ಕೆಜಿ ಯೂರಿಯಾ, ಒಂದೂಕಾಲು ಮೂಟೆ. ಅಡಿಕೆಗೆ ಶಿಫಾರಸು ಗಿಡಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 9 ಅಡಿ ಅಂತರದಲ್ಲಿ ಎಕರೆಗೆ 540 ಗಿಡ, ಅಂದ್ರೆ 54 ಕೆಜಿ. ಅರ್ಧದ ಹತ್ರ ನಿಮ್ಮ ಮೋಟ್ರೇ ಪುಕ್ಕಟೆ ಕೊಡ್ತಿದೆ. ನೀವು ಎಷ್ಟು ಹಾಕ್ತಿದೀರಾ?

ಗೋಡು_ಗುಬ್ಬಿ

ಹಳದಿ ಆಯ್ತು ಅಂತ ಡಬಲ್ ಹಾಕ್ತಿದ್ವಿ 🤦 19 ಆಲ್ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋ ಗೊಬ್ಬರ) ಬೇರೆ, ಯೂರಿಯಾ ಬೇರೆ. ಬೆಳಗ್ಗೆ ಮೋಟ್ರು ಆನ್ ಮಾಡಿದ ತಕ್ಷಣ ಡ್ರಿಪ್ ನೀರಿಗೆ ಗೊಬ್ಬರ ಎಳೆಯೋ ವೆಂಚುರಿ ಓಪನ್ ಮಾಡಿ ಬಿಡೋದು, ಆಮೇಲೆ ಕರೆಂಟ್ ಇರೋ ತಂಕ ನೀರು ಓಡ್ತಾನೇ ಇರುತ್ತೆ.

ಮಣ್ಣುಹುಳ

ಅದನ್ನ ಉಲ್ಟಾ ಮಾಡಿ. ಮೊದ್ಲು ಬಿಟ್ಟ ಗೊಬ್ಬರನ ಆಮೇಲಿನ ನೀರು ತಳ್ಕೊಂಡು ಗಡಿ ತಂಕ ಒಯ್ಯುತ್ತೆ. ಮುಕ್ಕಾಲು ಪಾಲು ನೀರು ಓಡಿದ ಮೇಲೆ ಗೊಬ್ಬರ ಬಿಡಿ, ಕೊನೇಗೆ ಪೈಪು ತೊಳೆಯೋಕೆ ಎಷ್ಟು ಬೇಕೋ ಅಷ್ಟೇ ಬರೀ ನೀರು. ಯೂರಿಯಾ ಸ್ವಲ್ಪ ಸ್ವಲ್ಪ ಹಲವು ಕಂತಲ್ಲಿ, ದೊಡ್ಡ ಮಳೆ ಮುನ್ಸೂಚನೆ ಇದ್ರೆ ಆ ವಾರ ನಿಲ್ಲಿಸಿ. ನೀರಿನ ಪಾಳಿ ಮಧ್ಯೆ ಅಂತರ ಕೊಡಿ, ಗೋಡು ಉಸಿರಾಡ್ಲಿ, ಆದ್ರೆ ಬಿರುಕು ಬಿಡೋ ಮಟ್ಟಕ್ಕೆ ಒಣಗಿಸ್ಬೇಡಿ. ಸೋಗೆ, ಗರಿ ಮುಚ್ಚಿಗೆ ಹಾಕಿದ್ರೆ ಬಿರುಕು ಕಮ್ಮಿ.

ಇನ್ನೊಂದು, ಡ್ರಿಪ್ಪರ್ ಒದ್ದೆ ಮಾಡೋ ವೃತ್ತದ ಅಂಚಲ್ಲಿ ಉಪ್ಪು ಸೇರಿರುತ್ತೆ, ಬೇಸಗೇಲಿ ಬಿಳೀ ಗೆರೆ ಕಾಣುತ್ತಲ್ಲ ಅದು. ಮೊದಲ ಸಣ್ಣ ಮಳೆ ಅದನ್ನ ಕರಗಿಸಿ ವಾಪಸ್ ಬೇರಿನ ಕಡೆಗೇ ತಳ್ಳುತ್ತೆ. ಮಳೆ ಬಂತು ಅಂತ ಆವತ್ತು ಡ್ರಿಪ್ ನಿಲ್ಲಿಸ್ಬೇಡಿ, ಸ್ವಲ್ಪ ಹೊತ್ತು ಓಡ್ಲಿ.

ಗೋಡು_ಗುಬ್ಬಿ

ಸರಿ ಮೇಡಂ. ಗೋಡು ತೆಗೆಸಿಬಿಡ್ಲಾ ಅಂತ ಮನೇಲಿ ಕೇಳ್ತಿದಾರೆ.

ಹಳೇ_ತೋಟ

ಹುಚ್ಚಾ? ಗೋಡು ಚಿನ್ನ. ನಮ್ಮ ಕಾಲದಲ್ಲಿ ಗಾಡೀಲಿ ತಂದು ಎರಡು ಬೆರಳು ದಪ್ಪ ಚೆಲ್ಲಿ ನೇಗಿಲಲ್ಲಿ ಉತ್ತು ಬೆರೆಸ್ತಿದ್ವಿ, ಮತ್ತೆರಡು ವರ್ಷ ಬಿಟ್ಟು ಇನ್ನೊಂದ್ಸಲ. ಜೆಸಿಬಿ ಬಂದ್ಮೇಲೆ ಒಂದೇ ಸಲ ಒಂದಡಿ ಹಾಸಿ ಕೈ ತೊಳ್ಕೊಳ್ತಾರೆ. ಹಾಸೋದಲ್ಲ ಬೆರೆಸೋದು.

ಮಣ್ಣುಹುಳ

ಈ ಇಡೀ ಚರ್ಚೇಲಿ ನಾನು ಹೇಳ್ಬೇಕು ಅಂತಿದ್ದಿದ್ದು ಅಣ್ಣ ಒಂದೇ ಸಾಲಲ್ಲಿ ಹೇಳಿದ್ರು. ತೊಂದ್ರೆ ಗೋಡಲ್ಲೂ ಇಲ್ಲ ಗರಸಲ್ಲೂ ಇಲ್ಲ, ಎರಡರ ಮಧ್ಯೆ ಕತ್ತರಿಸಿದಂಗಿರೋ ಆ ಗಡೀಲಿ ಇದೆ. ಬೆರೆತ್ರೆ ರಂಧ್ರದ ಗಾತ್ರ ನಿಧಾನಕ್ಕೆ ಬದಲಾಗುತ್ತೆ, ನೀರು ಎಲ್ಲೂ ಅಡ್ಡ ತಿರುಗಲ್ಲ, ಬೇರೂ ಕೆಳಗಿಳಿಯುತ್ತೆ.

ಗೋಡು_ಗುಬ್ಬಿ

ಈಗ ಗಿಡ ಇರೋ ತೋಟದಲ್ಲಿ ರೊಟವೇಟರ್ ಹೊಡೆಯೋಕಾಗಲ್ಲವಲ್ಲ, ಬೇರೆಲ್ಲ ಕಿತ್ತು ಬರುತ್ತೆ.

ಹಳೇ_ತೋಟ

ರೊಟವೇಟರ್ ಯಾರ್ ಹೇಳಿದ್ರು. ಸಾಲಿನ ಮಧ್ಯೆ, ಗಿಡದಿಂದ ಮೂರಡಿ ಬಿಟ್ಟು, ಎರಡಡಿ ಆಳ ಒಂದಡಿ ಅಗಲ ಉದ್ದಕ್ಕೂ ಕಾಲುವೆ ತೆಗೀರಿ. ಬಂದ ಗೋಡು ಗರಸು ಎರಡೂ ಕಲಸಿ, ಸೋಗೆ ಚೂರು, ಕೊಟ್ಟಿಗೆ ಗೊಬ್ಬರ ಸೇರಿಸಿ ಅದೇ ಕಾಲುವೆಗೆ ತುಂಬಿ. ಒಂದು ವರ್ಷ ಒಂದು ಸಾಲು ಬಿಟ್ಟು ಒಂದು ಸಾಲು, ಮುಂದಿನ ವರ್ಷ ಉಳಿದಿದ್ದು. ಎಲ್ಲಾ ಒಟ್ಟಿಗೆ ಮಾಡಿದ್ರೆ ಗಿಡ ಸೊರಗುತ್ತೆ.

ಗೋಡು_ಗುಬ್ಬಿ

ಯಾವ ತಿಂಗಳಲ್ಲಿ ಅಣ್ಣ?

ಹಳೇ_ತೋಟ

ಸ್ವಾತಿ ಮಳೆ ಮುಗಿದು ಗೋಡು ಹದಕ್ಕೆ ಬಂದ ಮೇಲೆ. ಹಸೀಲಿ ಮುಟ್ಟಿದ್ರೆ ಮುದ್ದೆ ಮುದ್ದೆ ಆಗಿ ಬೆರೆಯಲ್ಲ, ಒಣಗಿದ ಮೇಲೆ ಹಾರೆ ಇಳಿಯಲ್ಲ. ಮುಷ್ಟೀಲಿ ಹಿಡಿದು ಬಿಟ್ರೆ ಪುಡಿ ಆಗ್ಬೇಕು, ಕೈಗೆ ಅಂಟಬಾರ್ದು. ಹತ್ತು ಹದಿನೈದು ದಿನ ಸಿಗುತ್ತೆ, ಆಳು ಈಗ್ಲೇ ಹೇಳಿಡಿ. ಬಸಿಗಾಲುವೆ ಮಾತ್ರ ಅಲ್ಲಿ ತಂಕ ಕಾಯ್ಬೇಡಿ, ನಾಳೇನೇ ತಿರುಗಿಸಿ.